ಮುರಿದ ಎಕ್ಸೆಲ್ಲಿನ ಎರಡು ಬಣ್ಣ

ಶನಿವಾರ ಅಮೀನಗಡದಲ್ಲಿ ಕುರಿ ಸಂತೆ. ಅಲ್ಲಿಗೆ ಹೋದ ಗಾಡಿಗಳಲ್ಲಿ ಒಂದೆರಡಾದರೂ ಮರಳುವಾಗ ನನ್ನ ಗ್ಯಾರೇಜಿಗೆ ಬರುತ್ತವೆ. ಹೋದ ಮಳೆಗಾಲದ ಒಂದು ಶನಿವಾರ ಐಹೊಳೆ ಕಡೆಯ ಹೊಲದ ದಾರಿಯಿಂದ ಫೋನ್ ಬಂತು. ಹಳೆಯ ಫೋರ್‌ವ್ಹೀಲ್ ಜೀಪು, ಹಿಂದೆ ಆರು ಕುರಿ, ಓಡಿಸುವವನು ಸಂಬಳದ ಹುಡುಗ.

"ಅಣ್ಣಾರ, ಗೇರ್ ಬೀಳತೈತಿ, ಇಂಜಿನ್ ಒದರತೈತಿ, ಗಾಡಿ ಮಾತ್ರ ಹೋಗವಲ್ದು. ಗೇರ್‌ಬಾಕ್ಸ್ ಹೋತೇನ್ರಿ? ಸಾವಕಾರ್ರು ನನ್ನ ಬಿಡಂಗಿಲ್ರಿ."

ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಇಂಥದೇ ಮಾತು ನಂಬಿ ಗೇರ್‌ಬಾಕ್ಸ್ ಇಳಿಸಿದ್ದೆವು. ಎರಡು ದಿನದ ಕೆಲಸ. ಅದರಲ್ಲಿ ಏನೂ ಆಗಿರಲಿಲ್ಲ, ಆದರೂ ದುಡ್ಡು ಕೊಟ್ಟವನು ಒಬ್ಬ ರೈತ. ಅಂದಿನಿಂದ ಪಾನಾ ಹಿಡಿಯುವ ಮೊದಲು ಶಕ್ತಿ ಹರಿಯುವ ದಾರಿಯನ್ನು ಹಿಡಿದು ನಡೆಯುತ್ತೇನೆ: ಇಂಜಿನ್, ಕ್ಲಚ್, ಗೇರ್‌ಬಾಕ್ಸ್, ಶಕ್ತಿಯನ್ನು ಮುಂದಿನ ಗಾಲಿಗೂ ಹಂಚುವ ಟ್ರಾನ್ಸ್‌ಫರ್ ಕೇಸ್, ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಗಾಲಿಗಳ ನಡುವಿನ ಗುಂಡಿನೊಳಗಿನ ಕ್ರೌನ್ ಎಂಬ ಹಲ್ಲಿನ ಚಕ್ರ ಮತ್ತು ಡಿಫರೆನ್ಷಿಯಲ್, ಎಕ್ಸೆಲ್, ಗಾಲಿ. ಎಲ್ಲಿಯವರೆಗೆ ತಿರುಗುತ್ತದೆ, ಎಲ್ಲಿಂದ ನಿಂತಿದೆ, ಅಷ್ಟನ್ನೇ ಹುಡುಕಬೇಕು.

ಹೋಗಿ ನೋಡಿದರೆ ಎರಿ ಮಣ್ಣು ಗಾಲಿಗೆ ಅಂಟಿ ಗುಡ್ಡೆಯಾಗಿತ್ತು. ಮೊದಲು ಗಾಲಿಗಳಿಗೆ ಕಲ್ಲು ಕೊಟ್ಟೆ. ಗೇರ್ ಹಾಕಿ ಕ್ಲಚ್ ನಿಧಾನ ಬಿಡಲು ಹುಡುಗನಿಗೆ ಹೇಳಿ, ನಾನು ದೂರದಲ್ಲಿ ಬಗ್ಗಿ ನೋಡಿದೆ. ಗಾಡಿಯ ಕೆಳಗೆ ಹೋಗುವ ಮಾತೇ ಇಲ್ಲ. ಪ್ರೊಪೆಲ್ಲರ್ ಶಾಫ್ಟ್ ಗರಗರ ತಿರುಗುತ್ತಿತ್ತು, ಹಿಂದಿನ ಗಾಲಿ ಎರಡೂ ಸುಮ್ಮನಿದ್ದವು. ಗೇರ್‌ಬಾಕ್ಸಿನ ಚಿಂತೆ ಅಲ್ಲಿಗೇ ಮುಗಿಯಿತು. ಶಾಫ್ಟೇ ತಿರುಗದಿದ್ದರೆ ನನ್ನ ಸಂಶಯ ಮೊದಲು ಕ್ಲಚ್ ಮೇಲೆ ಹೋಗುತ್ತಿತ್ತು. ಹ್ಯಾಂಡ್‌ಬ್ರೇಕ್ ಬಿಗಿದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಇಂಜಿನ್ ಬಂದ್ ಬೀಳಬೇಕು. ಬೀಳದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ ಎಂದರ್ಥ. ಸುಟ್ಟ ವಾಸನೆಯೂ ಬರುತ್ತದೆ.

ಇನ್ನು ಉಳಿದದ್ದು ಕ್ರೌನ್ ಅಥವಾ ಎಕ್ಸೆಲ್. ಕ್ರೌನಿನ ಹಲ್ಲು ಮುರಿದಿದ್ದರೆ ಕಟಕಟ ಸದ್ದು ಕೇಳುತ್ತದೆ. ಇಲ್ಲಿ ಸದ್ದಿರಲಿಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಲ್ಲ, ಅದಕ್ಕಾಗಿ ಡಿಫರೆನ್ಷಿಯಲ್ ಎರಡೂ ಗಾಲಿಗೆ ಬೇರೆ ಬೇರೆ ವೇಗ ಕೊಡುತ್ತದೆ. ಆದರೆ ಕಾಲುವೆ ಒಡೆದ ಕಡೆ ನೀರೆಲ್ಲ ಹರಿದಂತೆ, ಒಂದು ಬದಿಯ ಎಕ್ಸೆಲ್ ಮುರಿದರೆ ತಿರುಗುವುದೆಲ್ಲ ಆ ಮುರಿದ ತುಂಡಿನ ಪಾಲಾಗುತ್ತದೆ. ಗಟ್ಟಿಯಿರುವ ಗಾಲಿಯೂ ಕದಲುವುದಿಲ್ಲ.

ಫೋರ್‌ವ್ಹೀಲ್ ಗಾಡಿಯ ಉಪಕಾರ ತಿಳಿಯುವುದು ಇಂಥ ಹೊತ್ತಿನಲ್ಲಿ. ಮುಂದಿನ ಗಾಲಿಯ ಹಬ್ ಎರಡನ್ನೂ ಕೈಯಿಂದ ಲಾಕ್ ಮಾಡಿ ಲಿವರ್ ಎಳೆದೆವು. ಮುಂದಿನ ಗಾಲಿಗಳೇ ಜೀಪನ್ನು ಎಳೆದುಕೊಂಡು ಮೆಲ್ಲಗೆ ಗಟ್ಟಿ ನೆಲಕ್ಕೆ ಬಂದವು. (ಡಾಂಬರ್ ರಸ್ತೆಯ ಮೇಲೆ ಈ ಲಿವರ್ ಹಾಕಿಕೊಂಡು ಓಡಿಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳ ಓಟ ಒಂದೇ ಇರುವುದಿಲ್ಲ. ಮಣ್ಣಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಹೋಗುತ್ತದೆ; ಡಾಂಬರಿನಲ್ಲಿ ಅದೆಲ್ಲ ಗೇರಿನ ಹಲ್ಲಿಗೆ ಬೀಳುತ್ತದೆ.)

ಗ್ಯಾರೇಜಿನಲ್ಲಿ ಜಾಕ್ ಹಾಕಿ ಹಿಂದಿನ ಗಾಲಿ ಎರಡೂ ಎತ್ತಿ, ಇಂಜಿನ್ ಬಂದ್ ಮಾಡಿ, ಗೇರಿನಲ್ಲಿ ಬಿಟ್ಟೆ. ಒಂದು ಗಾಲಿ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗಬೇಕು. ಎಡಗಾಲಿ ತಿರುಗಿಸಿದೆ, ಬಲಗಾಲಿ ಅಲ್ಲಾಡಲಿಲ್ಲ. ಬಲಗಾಲಿ ತಿರುಗಿಸಿದರೆ ತಾನೊಂದೇ ಹಗುರಾಗಿ ತಿರುಗಿತು. ಮುರಿದದ್ದು ಬಲಗಡೆ.

ಗುಂಡಿನ ಎಣ್ಣೆಯನ್ನೂ ಇಳಿಸಿ ನೋಡಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಐಹೊಳೆ, ಪಟ್ಟದಕಲ್ಲಿಗೆ ನೀರು ನುಗ್ಗಿದಾಗಿನಿಂದ ಇದು ನನ್ನ ರೂಢಿ. ಓಡಿ ಕಾದ ಗುಂಡು ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲು ಸವೆದಿದ್ದರೆ ನೀರನ್ನು ಒಳಗೆಳೆದುಕೊಳ್ಳುತ್ತದೆ, ಎಣ್ಣೆ ಹಾಲು ಬೆರೆಸಿದ ಚಹಾದ ಹಾಗಾಗುತ್ತದೆ. ಪ್ಲಗ್ಗಿಗೆ ಅಂಟಿದ ನುಣ್ಣನೆ ಬೂದು ಕೆಸರಿಗೆ ಹೆದರಬೇಕಾಗಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಕ್ರೌನ್ ಬಿಚ್ಚಲೇಬೇಕು. ಈ ಜೀಪಿನ ಎಣ್ಣೆ ಚೊಕ್ಕಟವಾಗಿತ್ತು.

ಅಷ್ಟರಲ್ಲಿ ಸಾವಕಾರರು ಬಂದರು. "ಕೆಸರಾಗ ಜೋರ್ ಎಕ್ಸಲೇಟರ್ ಕೊಟ್ಟಿರತಾನ, ಅದಕ್ಕ ಮುರದೈತಿ. ಇವನ ಪಗಾರದಾಗ ಹಿಡೀತೀನಿ."

ಅವರು ಹೇಳಿದ್ದು ಆಗದ ಮಾತಲ್ಲ. ಕೆಸರಿನಲ್ಲಿ ಬರೇ ತಿರುಗುತ್ತಿದ್ದ ಗಾಲಿ ತಟ್ಟನೆ ಕಲ್ಲಿಗೆ ಕಚ್ಚಿದರೆ ಎಕ್ಸೆಲ್ ಮುರಿಯುತ್ತದೆ. ಆದರೆ ಹಾಗೆ ಒಂದೇ ಏಟಿಗೆ ಮುರಿದ ಉಕ್ಕು ಪೂರ್ತಿ ಹೊಸದಾಗಿ ಹೊಳೆಯುತ್ತದೆ. ನಾನು ಎಳೆದು ತೆಗೆದ ತುಂಡಿನ ಬಾಯಿಗೆ ಎರಡು ಬಣ್ಣವಿತ್ತು. ಅರ್ಧಕ್ಕೂ ಹೆಚ್ಚು ಭಾಗ ಕಪ್ಪಗೆ, ನುಣ್ಣಗೆ, ಅದರ ಮೇಲೆ ಕೆರೆಯ ನೀರು ಇಳಿದ ದಂಡೆಯಂಥ ಗೆರೆಗಳು. ಉಳಿದದ್ದು ಬೆಳ್ಳಗೆ, ರವೆಯಂತೆ ಒರಟು. ಕಪ್ಪು ಭಾಗ ಹಳೆಯ ಸೀಳು. ದಿನಾಲೂ ಭಾರ ಹೊತ್ತು ಕೂದಲೆಳೆಯಷ್ಟು ಬೆಳೆಯುತ್ತ ಬಂದದ್ದು. ಅಂದು ಮುರಿದದ್ದು ಬಿಳಿ ಭಾಗ ಮಾತ್ರ.

"ಸಾವಕಾರ್ರ, ಇದು ಭಾಳ ದಿನದಿಂದ ಸೀಳ್ಕೋತ ಬಂದೈತ್ರಿ. ಇವತ್ತ ನೀವ ಓಡಿಸಿದ್ರೂ ಮುರೀತಿತ್ತು" ಎಂದು ತುಂಡನ್ನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. ಹೆಬ್ಬೆರಳಿನಿಂದ ಕಪ್ಪು ಭಾಗವನ್ನು ಒರೆಸಿದರು, ಅದು ಹೋಗಲಿಲ್ಲ. ಆಮೇಲೆ ಹುಡುಗನ ಕಡೆ ತಿರುಗಿ, "ಕುರಿ ಕೆಳಗಿಳಸೋ, ನೀರ್ ಕುಡಸು. ಮುಂಜಾನಿಂದ ನಿಂತಾವು" ಅಂದರು.