ಡೀಜೆಲ್ ಬಿದ್ದ ಹೊಲ ಸತ್ತಿಲ್ಲ

ಎಂಜಿನ್ನಿಗೆ ಎಣ್ಣೆ ಹಾಕುವಾಗ ಡಬ್ಬಿ ಉರುಳುವುದು, ಟ್ರ್ಯಾಕ್ಟರಿನ ಟ್ಯಾಂಕು ಸೋರುವುದು ನಮ್ಮ ಜತ್ತ, ಅಕ್ಕಲಕೋಟೆ ಕಡೆ ಅಪರೂಪವಲ್ಲ. ಅಲ್ಲಿ ಬಿತ್ತಿದ ಜೋಳ ಮೊಳೆಯುವುದಿಲ್ಲ. ಮೊಳೆತರೂ ಹಳದಿಯಾಗಿ ನಿಲ್ಲುತ್ತದೆ. ಆ ತುಂಡನ್ನು ಬೀಳು ಬಿಡುವ ರೈತಬಾಂಧವರಿಗಾಗಿ ಈ ನಾಲ್ಕು ಮಾತು.

ಎಣ್ಣೆಯು ಮಣ್ಣಿನ ಕಣಗಳಿಗೆ ಅಂಟಿಕೊಂಡು ನೀರು, ಗಾಳಿ ಎರಡನ್ನೂ ತಡೆಯುತ್ತದೆ. ಆದರೆ ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳಿಗೆ ಡೀಜೆಲ್ಲೇ ಆಹಾರ. ಡೀಜೆಲ್ಲಿನಲ್ಲಿ ಇಂಗಾಲ ಹೇರಳ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ತಿಂದು ಬೆಳೆಯುವ ಈ ಜೀವಿಗಳು ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಬೆಳೆ ಹಳದಿಯಾಗಲು ಇದೂ ಒಂದು ಕಾರಣ. ಆದ್ದರಿಂದ ಅಲ್ಲಿ ನಾವು ಹಾಕುವ ಗೊಬ್ಬರ ಬೆಳೆಗಲ್ಲ, ಈ ಕಾಣದ ಆಳುಗಳಿಗೆ ಕೊಡುವ ಕೂಲಿ. 1989ರಲ್ಲಿ ಅಲಾಸ್ಕಾ ತೀರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಕಚ್ಚಾ ಎಣ್ಣೆ ಚೆಲ್ಲಿದಾಗಲೂ ದಡದ ಮೇಲೆ ಗೊಬ್ಬರ ಹಾಕಿ ಇದೇ ಜೀವಿಗಳನ್ನು ದುಡಿಸಿದರು.

ಚೆಲ್ಲಿದ ಕೂಡಲೆ ಸುತ್ತ ಮಣ್ಣಿನ ಒಡ್ಡು ಕಟ್ಟಿ, ಹೊಟ್ಟು ಇಲ್ಲವೆ ಒಣಮಣ್ಣು ಸುರಿದು ಎಣ್ಣೆಯನ್ನು ಹೀರಿಸಬೇಕು. ಬೀಡಿ ದೂರವಿರಲಿ. ಎಣ್ಣೆ ನೆನೆದ ಮಣ್ಣನ್ನು ಅಗೆದು, ಬಾವಿ ಹಳ್ಳಗಳಿಂದ ದೂರ, ದಪ್ಪ ತಾಡಪಾಲಿನ ಮೇಲೆ ಒಂದು ಗೇಣಿಗಿಂತ ಹೆಚ್ಚಾಗದಂತೆ ಹರವಬೇಕು. ನಮ್ಮ ಎರೆಮಣ್ಣು ಹೆಂಟೆಗಟ್ಟಿ ಗಾಳಿ ಬಿಡುವುದಿಲ್ಲ. ಅದಕ್ಕೆ ಹೊಟ್ಟನ್ನೂ ಕಳಿತ ತಿಪ್ಪೆಗೊಬ್ಬರವನ್ನೂ ಧಾರಾಳವಾಗಿ ಬೆರೆಸಬೇಕು. ಒಂದು ಲೀಟರ್ ಡೀಜೆಲ್ಲಿಗೆ ಸುಮಾರು 150 ಗ್ರಾಂ ಯೂರಿಯಾ ಲೆಕ್ಕ. ಅದನ್ನು ಒಮ್ಮೆಲೆ ಸುರಿಯದೆ ಮೂರು ನಾಲ್ಕು ಕಂತಿನಲ್ಲಿ ಕೊಡತಕ್ಕದ್ದು. ಹೆಚ್ಚಾದರೆ ಆ ಜೀವಿಗಳೇ ಸಾಯುತ್ತವೆ. ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ಹಸಿ ಸಾಕು. ವಾರಕ್ಕೊಮ್ಮೆ ಸಲಿಕೆಯಿಂದ ತಿರುವಿಹಾಕಿ, ಮಳೆ ಬಂದರೆ ಮುಚ್ಚಬೇಕು.

ಕೆಲವರು ಸಾಬೂನುಪುಡಿ ಹಾಕಿ ತೊಳೆಯುತ್ತಾರೆ. ಅದರಿಂದ ಎಣ್ಣೆ ಹೋಗುವುದಿಲ್ಲ, ಕೆಳಗಿಳಿದು ಬಾವಿಯ ಕಡೆ ಹರಿಯುತ್ತದೆ. ಬೆಂಕಿ ಹಚ್ಚುವುದಂತೂ ಕೂಡದು. ಟ್ಯಾಂಕರ್ ಉರುಳಿದರೆ, ಇಲ್ಲವೆ ಬಾವಿಯ ನೀರಿಗೆ ಎಣ್ಣೆಯ ವಾಸನೆ ಬಂದರೆ, ಆ ನೀರನ್ನು ಮನುಷ್ಯರಿಗೂ ದನಗಳಿಗೂ ನಿಲ್ಲಿಸಿ ತಹಶೀಲ ಕಚೇರಿಗೆ ತಿಳಿಸಬೇಕು. ಅದು ಸಲಿಕೆಯ ಕೆಲಸವಲ್ಲ. ಎಂಜಿನ್ನಿನಿಂದ ತೆಗೆದ ಕರಿ ಎಣ್ಣೆಯೂ ಬೇರೆ ಜಾತಿಯದು: ಬಹಳ ನಿಧಾನವಾಗಿ ಕರಗುತ್ತದೆ, ಅದರಲ್ಲಿಯ ಲೋಹಗಳನ್ನು ಯಾವ ಜೀವಿಯೂ ತಿಂದು ಮುಗಿಸಲಾರದು.

ಡೀಜೆಲ್ ಮಣ್ಣಿಗೆ ಕೆಲವು ತಿಂಗಳಾದರೂ ಹಿಡಿಯುತ್ತವೆ. ವಾಸನೆ ಹೋಯಿತೆಂದು ನಂಬಿ ಹೊಲಕ್ಕೆ ಹಾಕಬಾರದು. ಒಂದು ಕುಂಡದಲ್ಲಿ ಆ ಮಣ್ಣು, ಇನ್ನೊಂದರಲ್ಲಿ ಒಳ್ಳೆಯ ಮಣ್ಣು ತುಂಬಿ, ಎರಡರಲ್ಲೂ ಇಪ್ಪತ್ತಿಪ್ಪತ್ತು ಜೋಳದ ಕಾಳು ಊರಿ ಹತ್ತು ದಿನ ನೋಡಿರಿ. ಎರಡೂ ಸಮನಾಗಿ ಎದ್ದು ಹಸಿರಾಗಿ ನಿಲ್ಲುವವರೆಗೆ ತಿರುವುವ ಕೆಲಸ ನಡೆದೇ ಇರಲಿ.