ಓವರ್‌ಹೆಡ್ ಲೆಕ್ಕದಲ್ಲಿ ಕೊರತೆ ಬಿದ್ದರೆ ದುಂದುವೆಚ್ಚ ಆಗಿದೆಯೆಂದೇ?

ಕಾರ್ಖಾನೆಯ ಬಾಡಿಗೆ, ಯಂತ್ರದ ಸವಕಳಿ, ಸೂಪರ್‌ವೈಸರ್ ಸಂಬಳ ಇವೆಲ್ಲ ಯಾವ ಒಂದು ಜಾಬಿಗೂ ಸೇರಿದ ಖರ್ಚಲ್ಲ; ಇವೇ ಓವರ್‌ಹೆಡ್. ಅದಕ್ಕೇ ವರ್ಷದ ಆರಂಭದಲ್ಲಿ ಅಂದಾಜು ದರವೊಂದನ್ನು ಕಟ್ಟಿ, ಪ್ರತಿ ಜಾಬಿನ ಮೇಲೂ ಹಾಕುತ್ತಾ ಹೋಗುತ್ತಾರೆ. ಮಾರ್ಚ್ ಕೊನೆಗೆ ಅಂದಾಜಿಗೂ ನಿಜವಾದ ಖರ್ಚಿಗೂ ತಾಳೆಯಾಗುವುದಿಲ್ಲ. ಅಲ್ಲಿಂದ ತಪ್ಪು ತೀರ್ಮಾನಗಳು ಶುರು.

ತಪ್ಪು ಕಲ್ಪನೆ: ಕೊರತೆ ಬಿದ್ದಿದೆ ಎಂದರೆ ಯಾರೋ ಹೆಚ್ಚು ಖರ್ಚು ಮಾಡಿದ್ದಾರೆ.

ಸತ್ಯ: ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಮೆಷಿನ್ ಶಾಪ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 24 ಲಕ್ಷ ರೂಪಾಯಿ ಓವರ್‌ಹೆಡ್, 12,000 ಮೆಷಿನ್ ಗಂಟೆ ಎಂಬುದು ಅಂದಾಜು; ಗಂಟೆಗೆ 200 ರೂಪಾಯಿ ದರ. ನಿಜವಾಗಿ ಖರ್ಚಾದದ್ದು 23.5 ಲಕ್ಷ, ಲೇತ್‌ಗಳು ಓಡಿದ್ದು 10,000 ಗಂಟೆ. ಜಾಬ್‌ಗಳ ಮೇಲೆ ಬಿದ್ದದ್ದು 20 ಲಕ್ಷ ಮಾತ್ರ. 3.5 ಲಕ್ಷ ಕೊರತೆ. ಮಾಲೀಕರು ಮೊದಲು ಕೈಹಾಕುವುದು ಸ್ಟೋರ್ಸ್ ಬಿಲ್ಲು, ಕರೆಂಟು ಬಿಲ್ಲಿಗೆ. ಆದರೆ ಇಲ್ಲಿ ಖರ್ಚು 50,000 ರೂಪಾಯಿ ಉಳಿದಿದೆ! 2,000 ಗಂಟೆ ಯಂತ್ರ ಸುಮ್ಮನೆ ನಿಂತದ್ದರಿಂದ 4 ಲಕ್ಷ ಹೋಗಿದೆ. ಹುಡುಕಬೇಕಾದದ್ದು ಆರ್ಡರ್ ಕೊರತೆಯನ್ನು, ಕೆಟ್ಟು ನಿಂತ ಯಂತ್ರವನ್ನು. ಖರ್ಚು ಉಳಿಸಿದ ಸೂಪರ್‌ವೈಸರನ್ನು ಬೈಯುವುದು ಅನ್ಯಾಯವೇ ಸರಿ.

ತಪ್ಪು ಕಲ್ಪನೆ: ಕೊರತೆಯನ್ನು ದಾಸ್ತಾನಿನ ಬೆಲೆಗೆ ಸೇರಿಸಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಸತ್ಯ: ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಎಎಸ್ 2 ಇದನ್ನು ಒಪ್ಪುವುದಿಲ್ಲ. ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು, ಎಂದರೆ ನಿಗದಿತ ರಿಪೇರಿಯ ದಿನಗಳನ್ನು ಕಳೆದು ಹಲವು ವರ್ಷಗಳ ಸರಾಸರಿಯಲ್ಲಿ ಆಗಬಹುದಾದ ಉತ್ಪಾದನೆಯ ಮೇಲೆ. ಯಂತ್ರ ನಿಂತಿತೆಂದು ಒಂದೊಂದು ನಗದ ವೆಚ್ಚ ಏರಿಸುವಂತಿಲ್ಲ. ಉಳಿದ ಮೊತ್ತ ಆ ವರ್ಷದ ಖರ್ಚಾಗಿಯೇ ಲಾಭ-ನಷ್ಟ ಖಾತೆಗೆ ಹೋಗಬೇಕು. ಇಲ್ಲವಾದರೆ ಈ ವರ್ಷದ ನಷ್ಟ ಗೋದಾಮಿನಲ್ಲಿ ಆಸ್ತಿಯ ವೇಷ ತೊಟ್ಟು ಕೂರುತ್ತದೆ. ಉತ್ಪಾದನೆ ಅಸಾಮಾನ್ಯವಾಗಿ ಹೆಚ್ಚಿದ ವರ್ಷ ದರವನ್ನು ಇಳಿಸಬೇಕು. ಹೆಚ್ಚುವರಿಯನ್ನು ಲಾಭವೆಂದು ಇಟ್ಟುಕೊಂಡರೆ ದಾಸ್ತಾನು ಅಸಲಿಗಿಂತ ಮೇಲೇರುತ್ತದೆ.

ಅಂದಾಜೇ ತಪ್ಪಿದ್ದರೆ ಮಾತು ಬೇರೆ. ಬಾಡಿಗೆ ಏರಿದ್ದನ್ನು ಮರೆತು ದರ ಕಟ್ಟಿದ್ದರೆ ಪೂರಕ ದರ ಹಾಕಿ, ವ್ಯತ್ಯಾಸವನ್ನು ಮಾರಾಟವಾದ ಮಾಲು, ಸಿದ್ಧ ಮಾಲು, ಅರೆಸಿದ್ಧ ಮಾಲು ಮೂರಕ್ಕೂ ಹಂಚುವುದು ನ್ಯಾಯ.

ಇಷ್ಟೆಲ್ಲ ತೊಂದರೆ ಏಕೆ, ನಿಜವಾದ ಖರ್ಚನ್ನೇ ಹಾಕಬಾರದೇ ಎಂದು ಕೇಳುವವರೂ ಇದ್ದಾರೆ. ಕೊಟೇಷನ್ ಇವತ್ತೇ ಕೊಡಬೇಕು, ಕರೆಂಟು ಬಿಲ್ಲು ಬರುವುದು ಮುಂದಿನ ತಿಂಗಳು. ಸಕ್ಕರೆ ಕಾರ್ಖಾನೆಗಳಲ್ಲಂತೂ ಕಬ್ಬು ಅರೆಯುವುದು ವರ್ಷದ ಕೆಲವೇ ತಿಂಗಳು. ಅರೆಯದ ತಿಂಗಳಿನ ರಿಪೇರಿ ಖರ್ಚನ್ನು ಯಾವ ಸಕ್ಕರೆಯ ಮೇಲೆ ಹಾಕುವುದು? ಅಂಥಲ್ಲಿ ತಿಂಗಳ ವ್ಯತ್ಯಾಸವನ್ನು ಮುಂದಕ್ಕೆ ಒಯ್ದು, ವರ್ಷದ ಕೊನೆಗೆ ಇತ್ಯರ್ಥ ಮಾಡುತ್ತಾರೆ.