ಹನ್ನೊಂದು ಸಾಲಿನ ಕೋಡ್

2016ರ ಮಾರ್ಚ್ 22ರಂದು ಜಗತ್ತಿನ ನಾನಾ ಕಡೆ ಪ್ರೋಗ್ರಾಮರ್‌ಗಳ ಕೆಲಸ ಏಕಾಏಕಿ ನಿಂತಿತು. ಪರದೆ ಮೇಲೆ ಒಂದೇ ದೂರು: 'ಲೆಫ್ಟ್-ಪ್ಯಾಡ್' ಸಿಗುತ್ತಿಲ್ಲ.

ಅದು 11 ಸಾಲಿನ ಪುಟ್ಟ ಜಾವಾಸ್ಕ್ರಿಪ್ಟ್ ಲೈಬ್ರರಿ. ಕೊಟ್ಟ ಪಠ್ಯದ ಎಡಕ್ಕೆ ಸೊನ್ನೆಯನ್ನೋ ಖಾಲಿ ಜಾಗವನ್ನೋ ತುಂಬಿ ಬೇಕಾದಷ್ಟು ಉದ್ದ ಮಾಡುವುದಷ್ಟೇ ಅದರ ಕೆಲಸ. ಮೂರು ಅಂಕಿ ಬೇಕೆಂದು 5 ಕೊಟ್ಟರೆ 005 ಆಗುತ್ತದೆ. ಇಂಥ ಸಿದ್ಧ ಕೋಡ್‌ಗಳ ಉಗ್ರಾಣ ಎನ್‌ಪಿಎಂ ಎಂಬ ಪ್ಯಾಕೇಜ್ ಮ್ಯಾನೇಜರ್. ಹೆಸರು, ಆವೃತ್ತಿ ಸಂಖ್ಯೆ ನಮೂದಿಸಿ 'ಎನ್‌ಪಿಎಂ ಪಬ್ಲಿಶ್' ಎಂದು ಆದೇಶ ಕೊಟ್ಟರೆ ನಿಮ್ಮ ಕೋಡ್ ಎಲ್ಲರದೂ ಆಗುತ್ತದೆ. ಒಂದು ಪ್ಯಾಕೇಜ್ ಇನ್ನೊಂದನ್ನು, ಅದು ಮತ್ತೊಂದನ್ನು ಎಳೆದು ತರುತ್ತದೆ. ಹೀಗಾಗಿ ಬೇಬಲ್‌ನಂಥ ಹೆಸರಾಂತ ಸಾಧನವೂ ಆ 11 ಸಾಲುಗಳನ್ನು ನೆಚ್ಚಿಕೊಂಡಿತ್ತು.

ಬೇರೊಂದು ಪ್ಯಾಕೇಜಿನ ಹೆಸರಿನ ವಿಚಾರವಾಗಿ ಲೆಫ್ಟ್-ಪ್ಯಾಡ್ ಕರ್ತೃ ಅಜೆರ್ ಕೊಚುಲು ಅವರಿಗೂ ಕಿಕ್ ಎಂಬ ಕಂಪನಿಗೂ ತಕರಾರು ಎದ್ದಿತ್ತು. ಎನ್‌ಪಿಎಂ ಆ ಹೆಸರನ್ನು ಕಂಪನಿಗೆ ಕೊಟ್ಟಿತು. ನೊಂದ ಕೊಚುಲು ಲೆಫ್ಟ್-ಪ್ಯಾಡ್ ಸೇರಿ ತಮ್ಮ 250ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ತೆಗೆದುಹಾಕಿದರು. ಕೆಲವೇ ಗಂಟೆಗಳಲ್ಲಿ ಲೆಫ್ಟ್-ಪ್ಯಾಡ್ ಮರಳಿತು. ಪ್ಯಾಕೇಜ್ ವಾಪಸ್ ಪಡೆಯುವ ನಿಯಮವೂ ಬಿಗಿಯಾಯಿತು.

2018ರಲ್ಲಿ ಕಂಡ ಅಪಾಯ ಇನ್ನೂ ದೊಡ್ಡದು. 'ಈವೆಂಟ್-ಸ್ಟ್ರೀಮ್' ಲೈಬ್ರರಿಯ ಕರ್ತೃ ಅದನ್ನು ನೋಡಿಕೊಳ್ಳುವುದನ್ನು ಬಿಟ್ಟು, ನೆರವಾಗುತ್ತೇನೆಂದ ಅಪರಿಚಿತರಿಗೆ ಒಪ್ಪಿಸಿದರು. ಹೊಸಬರು ಬಿಟ್‌ಕಾಯಿನ್ ಕದಿಯುವ ಕೋಡ್ ತೂರಿಸಿದರು.

ಪ್ರಕಟಿಸುವುದು ನಿಮಿಷದ ಕೆಲಸ. ದೋಷ ತಿದ್ದುತ್ತ, ಹಳೆಯ ಬಳಕೆದಾರರಿಗೆ ತೊಂದರೆಯಾಗದಂತೆ ಹೊಸ ಆವೃತ್ತಿ ತರುವುದು ವರ್ಷಗಟ್ಟಲೆಯ ದುಡಿಮೆ. ಬಹುಪಾಲು ಮಂದಿ ಅದನ್ನು ಸಂಬಳವಿಲ್ಲದೆ ಮಾಡುತ್ತಾರೆ. ಇಂಥ ಕೋಡ್‌ನಿಂದ ಲಾಭ ಗಳಿಸುವ ಬೆಂಗಳೂರಿನ ಕಂಪನಿಗಳೂ ಅವರಿಗೆ ಹಣದ ನೆರವು ಕೊಡಲಿ, ತಮ್ಮ ಎಂಜಿನಿಯರ್‌ಗಳ ಒಂದಿಷ್ಟು ಸಮಯವನ್ನೂ ಕೊಡಲಿ.